ಮುಟ್ಟಿ ನೋಡಬೇಕಾದ ಊರುಗಳು

1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ನ್ಯಾಮತಿ ಆಗ ಹೊನ್ನಾಳಿಯದೇ ಭಾಗ. 2018ರಲ್ಲಿ ತಾನೇ ಒಂದು ತಾಲ್ಲೂಕಾಯಿತು. ಒಂದೇ ಜಿಲ್ಲೆಯಾದರೂ ನಾಲ್ಕರ ನೆಲವೂ ಬೇರೆ. ಚನ್ನಗಿರಿಯಲ್ಲಿ ಅಡಿಕೆ ತೋಟದ ನೆರಳು, ಹೊನ್ನಾಳಿಯಲ್ಲಿ ತುಂಗಭದ್ರೆಯ ದಂಡೆಯ ಗದ್ದೆ, ನ್ಯಾಮತಿಯಲ್ಲಿ ಮಲೆನಾಡಿನ ಸೆರಗಿನ ಗುಡ್ಡಗಳು, ಜಗಳೂರಿನಲ್ಲಿ ಕುರುಚಲು ಕಾಡು ಮತ್ತು ಮಳೆಗೆ ಕಾದ ಮೆಕ್ಕೆಜೋಳದ ಹೊಲ. ಈ ಸೀಮೆಯನ್ನು ನಾನು ಸುತ್ತಿದ್ದು ಹುಟ್ಟಿನಿಂದ ಕಣ್ಣು ಕಾಣದ ಒಬ್ಬ ಸಂಗೀತ ಮೇಷ್ಟ್ರ ಜೊತೆ. ಚರಿತ್ರೆಯೆಂದರೆ ಅವರಿಗೆ ಪ್ರಾಣ. ಪುಸ್ತಕಗಳನ್ನು ಓದಿಸಿಕೊಂಡು ಕೇಳಿದ್ದಾರೆ, ಶಾಸನಗಳ ಕಾಲ ಬಾಯಿಪಾಠವಿದೆ. ಆದರೆ ಓದಿ ತಿಳಿದ ಊರನ್ನು ತಾವೇ ಹೋಗಿ ನೋಡುವುದು ಬೇರೆ. ಈ ತಾಲ್ಲೂಕುಗಳಲ್ಲಿ ನಾಳೆ ಒಂದು ಮ್ಯೂಸಿಯಂ ಕಟ್ಟಿದರೆ ಅದು ಹೇಗಿರಬೇಕು, ಅವರಂಥವರು ಅದನ್ನು ಹೇಗೆ ನೋಡಬೇಕು ಎಂಬ ಪ್ರಶ್ನೆ ದಾರಿಯುದ್ದಕ್ಕೂ ನಮ್ಮ ಜೊತೆಗಿತ್ತು.

ಇಲ್ಲಿನ ಚರಿತ್ರೆಯ ಬಹುಪಾಲು ಬಯಲಿನಲ್ಲೇ ಇದೆ. ಬಿ.ಎಲ್. ರೈಸ್ 1902ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೇ ಸಂಪುಟದಲ್ಲಿ ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನಗಳಿವೆ, ಜಗಳೂರಿನವು ಹನ್ನೊಂದನೇ ಸಂಪುಟದಲ್ಲಿವೆ. ಆ ಕಲ್ಲುಗಳು ಗುಡಿಯ ಅಂಗಳದಲ್ಲಿ, ಕೆರೆ ಏರಿಯ ಮೇಲೆ, ಹೊಲದ ಬದುವಿನಲ್ಲಿ ನಿಂತಂಥವು. ಬಯಲಿನ ಕಲ್ಲಿಗೆ ಟಿಕೆಟ್ ಇಲ್ಲ, ಗಾಜಿನ ತಡೆಯಿಲ್ಲ. ಆದರೆ ಅದರ ಬಳಿಗೆ ಹೋಗಲು ದಾರಿಯೂ ಇಲ್ಲ. ಗಾಲಿಕುರ್ಚಿಯಲ್ಲಿ ಕೂತವರಿಗೆ ಹೊಲದ ಬದು ದೂರ, ಕಾಣದವರಿಗೆ ಮುಳ್ಳಿನ ಪೊದೆ ಅಡ್ಡ, ಕೇಳದವರಿಗೆ ಕಥೆ ಹೇಳುವವರಿಲ್ಲ.

ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿಗೆ ನಾವು ಬೆಳಗಿನ ಹೊತ್ತಿನಲ್ಲಿ ಹೋದೆವು. 16ನೇ ಶತಮಾನದಲ್ಲಿ ಪಾಳೇಗಾರ ಹನುಮಪ್ಪ ನಾಯಕ ಕಟ್ಟಿಸಿದ ಪುಷ್ಕರಣಿ ಅಲ್ಲಿದೆ. ಸುತ್ತಲೂ ಕಲ್ಲಿನ ಮೆಟ್ಟಿಲುಗಳು, ನೀರಿನ ನಡುವೆ ವಸಂತ ಮಂಟಪ, ಪಕ್ಕದಲ್ಲಿ ಮುಸಾಫಿರ್‌ಖಾನೆ. ಭಾರತೀಯ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಜಾಗ. ಮೇಷ್ಟ್ರು ಮೇಲಿನ ಮೆಟ್ಟಿಲ ಮೇಲೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿದರು. ಎದುರು ದಂಡೆಯಿಂದ ಸದ್ದು ಮರಳಿ ಬಂತು. ಕೊಳ ಎಷ್ಟು ಅಗಲ ಎಂಬ ಅಂದಾಜು ಅವರಿಗೆ ಅಷ್ಟರಲ್ಲೇ ಸಿಕ್ಕಿತ್ತು. ‘ನಡುವೆ ಮಂಟಪ ಐತೆ ಅಂತೀರಲ್ಲ, ಅದು ಎಷ್ಟು ಅಂತಸ್ತು? ತುದೀಲಿ ಗೋಪುರ ಐತಾ, ಗುಮ್ಮಟ ಐತಾ?’ ಎಂದು ಕೇಳಿದರು. ನಾನು ಬಾಯಲ್ಲಿ ಹೇಳುತ್ತಾ ಹೋದೆ. ಹೇಳಿದ್ದು ಸಾಲಲಿಲ್ಲ. ಕಣ್ಣಿದ್ದವರಿಗೂ ಆ ಮಂಟಪ ದೂರದ ನೋಟವೇ, ನೀರು ದಾಟಿ ಹೋಗುವಂತಿಲ್ಲ. ಮೆಟ್ಟಿಲಿಳಿಯಲಾಗದ ಮುದುಕರಿಗೆ, ಕಾಲು ಸ್ವಾಧೀನವಿಲ್ಲದವರಿಗೆ ಮಂಟಪ ಮಾತ್ರವಲ್ಲ, ನೀರೂ ದೂರ.

ಇಂಥ ಜಾಗಕ್ಕೆ ಬೇಕಾದದ್ದು ಒಂದು ಮಾದರಿ. ಕೊಳ, ಮೆಟ್ಟಿಲು, ಮಂಟಪ, ಮುಸಾಫಿರ್‌ಖಾನೆ ಎಲ್ಲವೂ ತಕ್ಕ ಪ್ರಮಾಣದಲ್ಲಿ ಕಂಚಿನಲ್ಲೋ ಮರದಲ್ಲೋ ಕಲ್ಲಿನಲ್ಲೋ ಮೂಡಿದ್ದು, ಸಮತಟ್ಟಾದ ನೆಲದಲ್ಲಿ ಒಂದು ಮೇಜಿನ ಮೇಲಿರಬೇಕು. ಮೇಜಿನ ಕೆಳಗೆ ಸುಮಾರು 70 ಸೆಂಟಿಮೀಟರ್ ಖಾಲಿ ಇದ್ದರೆ ಗಾಲಿಕುರ್ಚಿಯ ಮೊಣಕಾಲು ಒಳಗೆ ಹೋಗುತ್ತದೆ. ಅಂಚಿನಲ್ಲಿ ಕನ್ನಡ ಬ್ರೈಲ್ ಮತ್ತು ದೊಡ್ಡ ಅಕ್ಷರದ ಕನ್ನಡ ಎರಡೂ ಇರಬೇಕು. ಕಾಣದವರು ಅದರ ಮೇಲೆ ಕೈಯಾಡಿಸಿ ಕೊಳದ ಆಕಾರ ಹಿಡಿಯುತ್ತಾರೆ. ಶಾಲೆಯ ಮಕ್ಕಳೂ ಅದನ್ನೇ ಮೊದಲು ಮುಟ್ಟುತ್ತಾರೆ. ಸ್ಮಾರಕದ ಒಂದು ಕಲ್ಲನ್ನೂ ಕದಲಿಸದೆ ಮಾಡಬಹುದಾದ ಕೆಲಸ ಇದು.

ಅಲ್ಲಿಂದ ಸೂಳೆಕೆರೆ ಏರಿಗೆ ಬಂದೆವು. ಎರಡು ಗುಡ್ಡಗಳ ನಡುವಿನ ಕಣಿವೆಗೆ ಏರಿ ಹಾಕಿ ಹರಿದ್ರಾವತಿಯನ್ನು ತಡೆದ ಈ ಕೆರೆಗೆ ಶಾಂತಿಸಾಗರ ಎಂಬ ಹೆಸರೂ ಇದೆ. ಕಟ್ಟಿಸಿದವಳು ಶಾಂತವ್ವ ಎಂದು ಜನ ನಂಬಿದ್ದಾರೆ. ಏರಿಯ ಮೇಲೆ ಗಾಳಿ ಮೈಗೆ ಬಡಿಯುವಾಗ ಎಡಕ್ಕೆ ನೀರು, ಬಲಕ್ಕೆ ಗದ್ದೆ ಎಂದು ಮೇಷ್ಟ್ರು ನಾನು ಹೇಳುವ ಮೊದಲೇ ಹೇಳಿದರು. ಸಿದ್ಧ, ಬಸವ ಎಂಬ ಎರಡು ತೂಬುಗಳಿಂದ ನೀರು ಇಳಿಯುವುದನ್ನು ವಿವರಿಸಲು ನನಗೆ ಮಣ್ಣಿನ ಮೇಲೆ ಅವರ ಬೆರಳು ಹಿಡಿದು ಗೆರೆ ಎಳೆಸಬೇಕಾಯಿತು. ಉಬ್ಬುಗೆರೆಯ ಒಂದು ನಕ್ಷೆ ಏರಿಯ ಮೇಲಿದ್ದಿದ್ದರೆ ಆ ಕೆಲಸವನ್ನು ಅವರೇ ಮಾಡುತ್ತಿದ್ದರು, ಬೇಕೆನಿಸಿದಷ್ಟು ಹೊತ್ತು ಮಾಡುತ್ತಿದ್ದರು. ಒಬ್ಬರ ಸಹಾಯವಿಲ್ಲದೆ ತಮ್ಮ ಪಾಡಿಗೆ ತಾವು ನೋಡುವುದರಲ್ಲಿ ಒಂದು ಘನತೆ ಇದೆ. ಮ್ಯೂಸಿಯಂ ಕೊಡಬೇಕಾದದ್ದು ಅದನ್ನೇ.

ಚನ್ನಗಿರಿ ಪೇಟೆ ಸೇರುವಾಗ ಅಡಿಕೆಯ ಕಾಲ. ಮನೆ ಮುಂದೆ ಹೆಂಗಸರು ಮೆಟ್ಟುಗತ್ತಿಯ ಮುಂದೆ ಕೂತು ಕಾಯಿ ಸುಲಿಯುವ ಟಕಟಕ ಸದ್ದು, ಹಂಡೆಯಲ್ಲಿ ಬೇಯುವ ಅಡಿಕೆಯ ಚೊಗರಿನ ಘಾಟು. ಮೇಷ್ಟ್ರಿಗೆ ಊರು ಸಿಕ್ಕಿದ್ದು ಗುಡ್ಡದ ಮೇಲಿನ ಕೋಟೆಯಿಂದಲ್ಲ, ಈ ಘಾಟಿನಿಂದ. ಕೋಟೆಗೆ ಮೆಟ್ಟಿಲಿವೆ, ಮೇಲೆ ಬೇಟೆ ರಂಗನಾಥನ ಗುಡಿಯಿದೆ, ಹತ್ತುವವರು ಹತ್ತುತ್ತಾರೆ. ಹತ್ತಿರದ ಹೊದಿಗೆರೆಯಲ್ಲಿ ಶಿವಾಜಿಯ ತಂದೆ ಷಹಾಜಿಯ ಸಮಾಧಿಯಿದೆ. 1664ರಲ್ಲಿ ಬೇಟೆಯಾಡುವಾಗ ಕುದುರೆಯಿಂದ ಬಿದ್ದು ಅಲ್ಲಿ ತೀರಿಕೊಂಡ. ಇವೆಲ್ಲ ಸೇರಿ ಒಂದು ತಾಲ್ಲೂಕು ಮ್ಯೂಸಿಯಂ ಆಗುವುದಾದರೆ ಅದರ ಒಂದು ಕೋಣೆ ಅಡಿಕೆಯದಾಗಲಿ. ಹಸಿ ಕಾಯಿ, ಸಿಪ್ಪೆ, ಬೇಯಿಸಿ ಒಣಗಿಸಿದ ಕೆಂಪಡಿಕೆ, ಮೆಟ್ಟುಗತ್ತಿ, ಹಂಡೆ, ಎಲ್ಲವೂ ಕೈಗೆ ಸಿಗಲಿ, ಮೂಗಿಗೆ ಸಿಗಲಿ.

ಹೊನ್ನಾಳಿಯಲ್ಲಿ ನಮ್ಮನ್ನು ಸೇರಿಕೊಂಡವರು ಒಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ‘ವಿಆರ್‌ಡಬ್ಲ್ಯು’ ಎಂದೇ ಎಲ್ಲರೂ ಕರೆಯುವ ಈ ಕಾರ್ಯಕರ್ತರು ತಾವೂ ಅಂಗವಿಕಲರು. ಮನೆಮನೆಗೆ ಹೋಗಿ ಗುರುತಿನ ಚೀಟಿ, ಮಾಸಾಶನ, ಬಸ್ ಪಾಸಿನ ಅರ್ಜಿ ತುಂಬಿಸುವವರು. ಎಳವೆಯಲ್ಲಿ ಪೋಲಿಯೊ ಬಡಿದ ಈಕೆ ಮೂರು ಚಕ್ರದ ಸ್ಕೂಟರಿನಲ್ಲಿ ಹಳ್ಳಿ ಸುತ್ತುತ್ತಾರೆ. ಮ್ಯೂಸಿಯಂ ಹೇಗಿರಬೇಕಕ್ಕಾ ಎಂದು ಕೇಳಿದ್ದಕ್ಕೆ ಅವರು ಕಲೆಯ ಬಗ್ಗೆ ಮಾತು ತೆಗೆಯಲಿಲ್ಲ.

‘ಅಣ್ಣಾ, ನಾನು ಎಲ್ಲಿಗೆ ಹೋದ್ರೂ ಮೊದ್ಲು ಕೇಳೋದು ಶೌಚಾಲಯ ಎಲ್ಲೈತೆ ಅಂತ. ಅದು ಇಲ್ಲ ಅಂದ್ರೆ ಬೆಳಗ್ಗೆಯಿಂದ ನೀರು ಕುಡಿಯಂಗಿಲ್ಲ. ನೀರು ಕುಡೀದೆ ಎಷ್ಟು ಹೊತ್ತು ನೋಡ್ತೀರಿ ನಿಮ್ ಮ್ಯೂಸಿಯಂನ?’

ವಾಸ್ತುಶಿಲ್ಪಿಗಳು ಕೇಳಬೇಕಾದ ಮಾತಿದು. ಬಸ್ಸಿನಿಂದ ಇಳಿದ ಜಾಗದಿಂದ ಬಾಗಿಲವರೆಗೆ ದಾರಿ, ಬಾಗಿಲಿನಿಂದ ಕೊನೆಯ ಕೋಣೆಯವರೆಗೆ ದಾರಿ, ನಡುವೆ ಕೂರಲು ಬೆಂಚು, ಕುಡಿಯುವ ನೀರು, ಗಾಲಿಕುರ್ಚಿ ತಿರುಗುವಷ್ಟು ಜಾಗವಿರುವ ಶೌಚಾಲಯ. ಈ ಸರಪಳಿಯಲ್ಲಿ ಒಂದು ಕೊಂಡಿ ಬಿಟ್ಟರೂ ಉಳಿದದ್ದು ಉಪಯೋಗಕ್ಕೆ ಬಾರದು. ಅಳತೆಗಳು ಗುಟ್ಟೇನಲ್ಲ. ಇಳಿಜಾರು ದಾರಿ ಒಂದಕ್ಕೆ ಹನ್ನೆರಡರ ಲೆಕ್ಕದಲ್ಲಿರಬೇಕು. ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ. ಮೂರಡಿ ಜಗಲಿಗೆ ಮೂವತ್ತಾರಡಿ, ನಡುವೆ ನಿಂತು ಸುಧಾರಿಸಿಕೊಳ್ಳಲು ಸಮತಟ್ಟು. ಬಾಗಿಲು ಕನಿಷ್ಠ 90 ಸೆಂಟಿಮೀಟರ್ ಅಗಲ. ಗಾಲಿಕುರ್ಚಿ ಪೂರಾ ತಿರುಗಲು ಒಂದೂವರೆ ಮೀಟರ್ ವೃತ್ತದಷ್ಟು ಜಾಗ. ಮೊದಲೇ ನಕ್ಷೆಯಲ್ಲಿ ಬರೆದರೆ ಇವಕ್ಕೆ ತಗಲುವ ಖರ್ಚು ಸಣ್ಣದು. ಕಟ್ಟಿ ಮುಗಿಸಿದ ಮೇಲೆ ಒಡೆದು ಮಾಡುವಾಗಲೇ ಅದು ದೊಡ್ಡದಾಗುವುದು, ಜಾಗ ಸಾಲದೆ ಇಳಿಜಾರು ಕಡಿದಾಗುವುದು, ಕೊನೆಗೆ ಯಾರೂ ಏರಲಾಗದ ಸಿಮೆಂಟಿನ ದಿಬ್ಬವಾಗಿ ಉಳಿಯುವುದು.

ಈ ಕಾರಣಕ್ಕೇ ನನಗೆ ನ್ಯಾಮತಿಯ ಬಗ್ಗೆ ಆಸೆ ಹುಟ್ಟಿತು. ಹೊಸ ತಾಲ್ಲೂಕು. ಕಟ್ಟಡಗಳು ಇನ್ನೂ ಏಳಬೇಕಾದ ಊರಿನಲ್ಲಿ ಮೊದಲಿನಿಂದಲೇ ಸರಿಯಾಗಿ ಕಟ್ಟಬಹುದು. ಈ ತಾಲ್ಲೂಕಿನ ಬೆಳಗುತ್ತಿ ಹಿಂದೆ ಸಿಂದರು ಆಳಿದ ಊರು. ದಾರಿಯಲ್ಲೊಂದು ಕಡೆ ವೀರಗಲ್ಲು ಸಿಕ್ಕಿತು. ಮೇಷ್ಟ್ರು ಚಪ್ಪಲಿ ಬಿಟ್ಟು, ಕೈ ತೊಳೆದುಕೊಂಡು ಅದರ ಮುಂದೆ ಕೂತರು. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಕೈಲಾಸ, ತುದಿಯಲ್ಲಿ ಸೂರ್ಯ ಚಂದ್ರ. ಅವರ ಬೆರಳು ಕತ್ತಿಯನ್ನು ಹಿಡಿಯಿತು, ಗುರಾಣಿಯ ದುಂಡನ್ನು ಸುತ್ತಿತು, ಎತ್ತಿದ ತೋಳನ್ನು ಏರಿ ಮುಖದ ಮೇಲೆ ನಿಂತಿತು. ನಡುವಿನ ಪಟ್ಟಿಗೆ ಬಂದಾಗ, ‘ಇಲ್ಲಿ ಇವನ ಕೈ ಇಳಿಬಿದ್ದೈತೆ. ಹೋರಾಟ ಮುಗೀತು’ ಎಂದರು. ನಾನು ಎಷ್ಟೋ ವೀರಗಲ್ಲು ನೋಡಿದವನು. ಆ ಇಳಿಬಿದ್ದ ಕೈ ನನ್ನ ಕಣ್ಣಿಗೆ ಬಿದ್ದದ್ದು ಅವರ ಬೆರಳು ತೋರಿಸಿದ ಮೇಲೆ.

ಉಬ್ಬುಶಿಲ್ಪ ಬೆರಳಿಗೆ ಸಹಜವಾದ ಕಲೆ. ಆದರೆ ಎಲ್ಲ ಮೂಲ ಶಿಲ್ಪಗಳನ್ನೂ ಎಲ್ಲರೂ ಮುಟ್ಟುತ್ತಾ ಹೋದರೆ ಕೈಯ ಬೆವರು, ಜಿಡ್ಡು ಕಲ್ಲನ್ನು ಸವೆಸುತ್ತವೆ ಎಂಬ ರಕ್ಷಕರ ಆತಂಕವೂ ನಿಜವೇ. ಅದಕ್ಕೆ ಉತ್ತರ ಪ್ರತಿಕೃತಿ. ಬೆಂಗಳೂರಿನ ಮಿಥಿಕ್ ಸೊಸೈಟಿ ಆ ನಗರದ ಸುತ್ತಿನ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡಿ ಉಳಿಸುವ ಕೆಲಸ ನಡೆಸಿದೆ. ಅಂಥ ಸ್ಕ್ಯಾನ್ ಇದ್ದರೆ ಅದೇ ಅಳತೆಯ ಪ್ರತಿಯನ್ನು ಅಚ್ಚುಮಾಡಿ ಮುಟ್ಟಲು ಇಡಬಹುದು. ಅಷ್ಟು ದೂರ ಹೋಗದೆಯೂ ನಮ್ಮ ಶಾಸನತಜ್ಞರ ಕೈಯಲ್ಲೇ ಒಂದು ವಿದ್ಯೆಯಿದೆ. ಪಡಿಯಚ್ಚು ತೆಗೆಯುವಾಗ ಒದ್ದೆ ಕಾಗದವನ್ನು ಕಲ್ಲಿಗೆ ಹಾಸಿ ಬ್ರಷ್ಷಿನಿಂದ ಬಡಿಯುತ್ತಾರೆ. ಕಾಗದ ಅಕ್ಷರದ ಗುಳಿಗಿಳಿದು ಆಕಾರ ಹಿಡಿಯುತ್ತದೆ. ಒಣಗಿದ ಮೇಲೆ ಮುಂಬದಿಯಲ್ಲಿ ಅಕ್ಷರದ ತಗ್ಗು ಬೆರಳಿಗೆ ತಿಳಿಯುತ್ತದೆ, ಹಿಂಬದಿಯಲ್ಲಿ ಅದೇ ಅಕ್ಷರ ತಿರುವುಮುರುವಾಗಿ ಉಬ್ಬಿರುತ್ತದೆ. ಶಾಸನ ಓದುವವರ ಸಲುವಾಗಿ ಹುಟ್ಟಿದ ಈ ವಿದ್ಯೆ ಕಾಣದ ಮಕ್ಕಳಿಗೆ ಹಳಗನ್ನಡದ ಲಿಪಿ ಪರಿಚಯಿಸುವ ಪಾಠವೂ ಆಗಬಲ್ಲದು.

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಬಂಜಾರರ ಪುಣ್ಯಕ್ಷೇತ್ರ. 1739ರ ಫೆಬ್ರುವರಿ 15ರಂದು ಸಂತ ಸೇವಾಲಾಲರು ಹುಟ್ಟಿದ ಜಾಗ ಎಂದು ಭಕ್ತರು ನಂಬಿದ ಈ ಊರಿಗೆ ಪ್ರತಿ ಫೆಬ್ರುವರಿಯಲ್ಲಿ ದೂರದ ರಾಜ್ಯಗಳ ತಾಂಡಾಗಳಿಂದಲೂ ಜನ ಬರುತ್ತಾರೆ. ಲಂಬಾಣಿ ಕಸೂತಿಯ ಒಂದು ರವಿಕೆಯನ್ನು ಮೇಷ್ಟ್ರ ಕೈಗೆ ಕೊಟ್ಟೆವು. ಕನ್ನಡಿ ಬಿಲ್ಲೆಯ ನುಣುಪು, ಕವಡೆಯ ಬೆನ್ನು, ನಾಣ್ಯದ ಅಂಚು, ದಪ್ಪ ದಾರದ ಹೊಲಿಗೆ. ಒಂದೊಂದನ್ನೂ ಬೇರೆ ಮಾಡಿ ಹೇಳಿದರು. ತಾಂಡಾದ ಬದುಕನ್ನು ತೋರಿಸುವ ಮ್ಯೂಸಿಯಂನಲ್ಲಿ ಈ ಬಟ್ಟೆ ಗಾಜಿನ ಹಿಂದೆ ಮಾತ್ರ ಇದ್ದರೆ ಅದರ ಅರ್ಧ ಚೆಲುವು ಎಲ್ಲರಿಗೂ ನಷ್ಟ. ಕಿವಿ ಕೇಳದವರಿಗೂ ಇಲ್ಲಿ ಕೊಡುವುದಿದೆ. ಡೊಳ್ಳಿನ ಮೇಲೋ ಹಲಗೆಯ ಮೇಲೋ ಅಂಗೈಯಿಟ್ಟರೆ ತಾಳ ಮೈಗೆ ತಲುಪುತ್ತದೆ. ಉಳಿದ ವಿವರಣೆಗೆ ಭಾರತೀಯ ಸಂಜ್ಞಾಭಾಷೆಯ ವಿಡಿಯೊ ಸಾಕು. ಮಾತು ತಡವಾಗಿ ಅರ್ಥವಾಗುವವರಿಗೆ, ಬೌದ್ಧಿಕ ವೈಕಲ್ಯವಿರುವವರಿಗೆ ಸಣ್ಣ ವಾಕ್ಯದ ಸರಳ ಕನ್ನಡದ ಫಲಕ, ಗದ್ದಲ ತಡೆಯಲಾಗದ ಆಟಿಸಂ ಇರುವ ಮಕ್ಕಳಿಗೆ ವಾರದಲ್ಲಿ ಕೆಲವು ಗಂಟೆ ಮೌನದ ಸಮಯ ಮತ್ತು ಕೂತು ಸುಧಾರಿಸಿಕೊಳ್ಳಲು ಒಂದು ಶಾಂತ ಕೋಣೆ. ಮ್ಯೂಸಿಯಂ ಯಾರಿಗೆ ಎಂದು ಕೇಳುವಾಗ ಗಾಲಿಕುರ್ಚಿಯೊಂದನ್ನೇ ನೆನೆದರೆ ಇವರೆಲ್ಲ ಹೊರಗುಳಿಯುತ್ತಾರೆ.

ಜಗಳೂರಿನ ದಾರಿಯಲ್ಲಿ ನೆಲ ಒಣಗುತ್ತಾ ಹೋಗುತ್ತದೆ. ಇಲ್ಲಿನ ರಂಗಯ್ಯನದುರ್ಗದ ಕಾಡನ್ನು 2011ರಲ್ಲಿ ಕೊಂಡುಕುರಿಗಾಗಿ ವನ್ಯಧಾಮವೆಂದು ಘೋಷಿಸಲಾಯಿತು. ಕೊಂಡುಕುರಿಯ ಗಂಡಿಗೆ ನಾಲ್ಕು ಕೊಂಬು. ಮುಂದಿನ ಜೋಡಿ ಎರಡರಿಂದ ಐದು ಸೆಂಟಿಮೀಟರ್, ಹಿಂದಿನದು ಎಂಟರಿಂದ ಹನ್ನೆರಡು. ಪೊದೆಯಲ್ಲಿ ಅವಿತಿರುವ ಈ ಪ್ರಾಣಿ ಕಣ್ಣಿದ್ದವರಿಗೂ ಸಿಗುವುದು ಅಪರೂಪ. ಅದರ ತಲೆಯ ಒಂದು ಮಾದರಿಯಿದ್ದರೆ ಕಾಣುವವರೂ ಕಾಣದವರೂ ಒಂದೇ ಸಮನೆ ಕಲಿಯುತ್ತಾರೆ.

ಆದರೆ ಜಗಳೂರು ಇದಕ್ಕಿಂತ ದೊಡ್ಡ ಮಾತೊಂದನ್ನು ಹೇಳಿಸುತ್ತದೆ. ಇಲ್ಲಿನ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುಗಟ್ಟುತ್ತದೆ. ಇನ್ನೂ ಹೆಚ್ಚಿನ ಪ್ರಮಾಣದ ನೀರು ದೊಡ್ಡವರ ಕೀಲು ಬಿಗಿಸುತ್ತದೆ, ಬೆನ್ನು ಬಾಗಿಸುತ್ತದೆ. ಮಳೆಯಿಲ್ಲ, ಕೆರೆ ಬತ್ತಿತು, ಬೋರು ಆಳಕ್ಕಿಳಿಯಿತು, ಆ ನೀರು ಮೂಳೆಗಿಳಿಯಿತು. ತುಂಗಭದ್ರೆಯ ನೀರಿನಿಂದ ತಾಲ್ಲೂಕಿನ 57 ಕೆರೆ ತುಂಬಿಸುವ ಯೋಜನೆಗೆ ಜನ ಅಷ್ಟು ಹಂಬಲಿಸಿದ್ದು ಬೆಳೆಗಾಗಿ ಮಾತ್ರವಲ್ಲ. ನೆಲದ ಬರ ಮೈಯ ವೈಕಲ್ಯವಾಗುವ ಈ ಕಥೆ ಚರಿತ್ರೆಯೇ. ಅದನ್ನು ಹೇಳಬೇಕಾದವರು ಅದನ್ನು ಬಾಳಿದವರು.

ಕಾನೂನು ಇದನ್ನು ಬಹಳ ಸ್ಪಷ್ಟವಾಗಿ ಹೇಳಿದೆ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ 29ನೇ ಕಲಂ ಕಲೆಯನ್ನು ವಿಕಲಚೇತನರಿಗೆ ನಿಲುಕುವಂತೆ ಮಾಡಬೇಕು ಎನ್ನುವುದರ ಜೊತೆಗೆ, ಅವರ ಬದುಕಿನ ಚರಿತ್ರೆಯನ್ನು ದಾಖಲಿಸಿ ವಿವರಿಸುವ ಮ್ಯೂಸಿಯಂ ಸ್ಥಾಪನೆಯನ್ನೂ ಸರ್ಕಾರಗಳ ಹೊಣೆಯಲ್ಲಿ ಸೇರಿಸಿದೆ. ಕರ್ನಾಟಕದಲ್ಲಿ ಅಂಥದ್ದೊಂದು ಎದ್ದರೆ ಅದರಲ್ಲಿ ಗದಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಮೊದಲ ಜಾಗ ಸಲ್ಲಬೇಕು. ತಾವೇ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು ಮತ್ತು ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ಕಾಣದ ಮಕ್ಕಳಿಗೆ ಅನ್ನವಿಟ್ಟು, ಸಂಗೀತ ಕಲಿಸಿ, ನಾಟಕ ಕಂಪನಿ ಕಟ್ಟಿ ಊರೂರು ತಿರುಗಿ ಆಶ್ರಮ ಉಳಿಸಿದರು. ಪಕ್ಕದಲ್ಲೇ ಜಗಳೂರಿನ ನೀರಿನ ಕಥೆಯೂ ಇರಲಿ, ಮೂರು ಚಕ್ರದ ಸ್ಕೂಟರಿನಲ್ಲಿ ಹಳ್ಳಿ ಸುತ್ತುವ ಹೆಣ್ಣುಮಕ್ಕಳ ಕಥೆಯೂ ಇರಲಿ.

ಇದು ಆಗದ ಕೆಲಸವೇನಲ್ಲ. ಇಟಲಿಯ ಅಂಕೋನದಲ್ಲಿ ಕಣ್ಣು ಕಾಣದ ಆಲ್ದೊ ಗ್ರಾಸ್ಸಿನಿ, ದನಿಯೆಲಾ ಬೊತ್ತೆಗೋನಿ ದಂಪತಿಯ ಯೋಚನೆಯಿಂದ 1993ರಲ್ಲಿ ಒಮೆರೊ ಸ್ಪರ್ಶ ಮ್ಯೂಸಿಯಂ ಹುಟ್ಟಿತು. ಹೋದ ಕಡೆಯೆಲ್ಲ ‘ಮುಟ್ಟಬೇಡಿ’ ಎನ್ನಿಸಿಕೊಂಡವರು ಮುಟ್ಟುವುದಕ್ಕೆಂದೇ ಒಂದು ಮ್ಯೂಸಿಯಂ ಮಾಡಿಸಿದರು. 1999ರಲ್ಲಿ ಅದು ಸರ್ಕಾರಿ ಮ್ಯೂಸಿಯಂ ಆಯಿತು. ದೆಹಲಿಯ ರಾಷ್ಟ್ರೀಯ ಮ್ಯೂಸಿಯಂ 2015ರಲ್ಲಿ ‘ಅನುಭವ್’ ಎಂಬ ಸ್ಪರ್ಶ ಗ್ಯಾಲರಿ ತೆರೆದು, ಆಯ್ದ ವಸ್ತುಗಳ ಪ್ರತಿಕೃತಿಗಳನ್ನು ಬ್ರೈಲ್ ಫಲಕ, ಧ್ವನಿ ವಿವರಣೆಗಳ ಜೊತೆ ಇಟ್ಟಿತು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ 2023ರ ಫೆಬ್ರುವರಿಯಲ್ಲಿ ತೆರೆದ ಮ್ಯೂಸಿಯಂ ಆಫ್ ಆರ್ಟ್ ಆ್ಯಂಡ್ ಫೋಟೊಗ್ರಫಿ, ‘ಮ್ಯಾಪ್’, ಕಟ್ಟುವಾಗಲೇ ವಿಕಲಚೇತನರನ್ನು ಮನಸ್ಸಿನಲ್ಲಿಟ್ಟುಕೊಂಡದ್ದು. ಆದರೆ ಹೊನ್ನಾಳಿಯಿಂದ ಬೆಂಗಳೂರಿಗೆ ಹೋಗಿ ಬರುವ ಬಸ್ಸಿನ ದಾರಿಯೇ ನಮ್ಮ ಕಾರ್ಯಕರ್ತೆಗೆ ದೊಡ್ಡ ಗುಡ್ಡ. ಮಹಾನಗರದ ಒಂದು ಒಳ್ಳೆಯ ಮ್ಯೂಸಿಯಂ ತಾಲ್ಲೂಕಿನ ಕೊರತೆಯನ್ನು ತುಂಬಲಾರದು.

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರಿದ್ದರು. ಆಗಿನ ಗಣತಿಯಲ್ಲಿ ಎಂಟು ಬಗೆಯ ವೈಕಲ್ಯಗಳಷ್ಟೇ ಲೆಕ್ಕಕ್ಕಿದ್ದವು. 2016ರ ಕಾನೂನು 21 ಬಗೆಗಳನ್ನು ಗುರುತಿಸಿದೆ. ಹಳೆಯ ಸಾರ್ವಜನಿಕ ಕಟ್ಟಡಗಳನ್ನೂ ನಿಯಮ ಬಂದ ಐದು ವರ್ಷಗಳಲ್ಲಿ ಎಲ್ಲರಿಗೂ ಸುಗಮವಾಗಿಸಬೇಕಿತ್ತು. ನಿಯಮ ಬಂದದ್ದು 2017ರಲ್ಲಿ. ಗಡುವು ಯಾವಾಗಲೋ ಮುಗಿದಿದೆ. 2024ರ ನವೆಂಬರಿನಲ್ಲಿ ರಾಜೀವ್ ರಾತುರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸುಗಮ್ಯತೆಯ ಮಾನದಂಡಗಳು ಬರೀ ಸಲಹೆಯಾಗಿ ಉಳಿಯಕೂಡದು, ಕಡ್ಡಾಯವಾಗಬೇಕು ಎಂದು ಹೇಳಿತು. ಇನ್ನು ಇದು ಯಾರ ಔದಾರ್ಯದ ಮಾತೂ ಅಲ್ಲ.

ನಾಲ್ಕೂ ತಾಲ್ಲೂಕು ಸುತ್ತಿದ ಮೇಲೆ ನನಗೆ ದೃಢವಾದದ್ದು ಒಂದೇ. ವಿಕಲಚೇತನರು ಮ್ಯೂಸಿಯಂನ ಉದ್ಘಾಟನೆಯ ದಿನ ಬರುವ ಅತಿಥಿಗಳಲ್ಲ; ನಕ್ಷೆ ಬರೆಯುವ ದಿನವೇ ಮೇಜಿನ ಮುಂದೆ ಕೂರಬೇಕಾದವರು. ಚಪ್ಪಾಳೆಯಿಂದ ಕೊಳದ ಅಗಲ ಅಳೆದವರು, ಕಲ್ಲಿನ ಇಳಿಬಿದ್ದ ಕೈಯನ್ನು ಬೆರಳಿನಿಂದ ಕಂಡವರು, ಎಲ್ಲಕ್ಕೂ ಮೊದಲು ಶೌಚಾಲಯ ಕೇಳಿದವರು, ಇವರಿಗೆ ಗೊತ್ತಿರುವುದು ಯಾವ ಕೈಪಿಡಿಯಲ್ಲೂ ಪೂರ್ತಿ ಸಿಗುವುದಿಲ್ಲ.

ಆದ್ದರಿಂದ ಪುರಾತತ್ವ ಇಲಾಖೆಯವರಲ್ಲಿ, ತಾಲ್ಲೂಕು ಮತ್ತು ಗ್ರಾಮ ಪಂಚಾಯಿತಿಯವರಲ್ಲಿ, ಊರಿನ ಇತಿಹಾಸಪ್ರಿಯರಲ್ಲಿ ನನ್ನ ವಿನಂತಿ ಇಷ್ಟು. ಸ್ಥಳೀಯ ಸಂಸ್ಥೆಗಳು ವಿಕಲಚೇತನರಿಗೆಂದು ತೆಗೆದಿಡುವ ಶೇ 5ರ ಹಣವನ್ನು ಮುಟ್ಟಬೇಡಿ, ಅದು ಅವರ ನಿತ್ಯದ ಅಗತ್ಯಕ್ಕಿರಲಿ. ಮ್ಯೂಸಿಯಂನ ಇಳಿಜಾರು, ಬ್ರೈಲ್, ಮಾದರಿಗಳ ಖರ್ಚು ಮ್ಯೂಸಿಯಂನ ಲೆಕ್ಕದಲ್ಲೇ ಬರಲಿ. ದಾವಣಗೆರೆಯಲ್ಲೇ ವಿಕಲಚೇತನರ ಸಂಯುಕ್ತ ಪ್ರಾದೇಶಿಕ ಕೇಂದ್ರವಿದೆ, ಅಲ್ಲಿನ ಪರಿಣತರನ್ನು ಕೇಳಿ. ಪ್ರತಿ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕರೆಯಿರಿ. ಮೊದಲ ಕೆಲಸ ಸಂತೇಬೆನ್ನೂರಿನ ಒಂದು ಮೇಜು, ಒಂದು ಮಾದರಿಯಿಂದಲೇ ಶುರುವಾಗಲಿ. ಅದು ಸರಿಯಾಗಿದೆಯೇ ಎಂಬ ತೀರ್ಪನ್ನು ಮಾತ್ರ ಅದನ್ನು ಮುಟ್ಟಿ ನೋಡುವವರಿಗೆ ಬಿಡಿ.